ಮಡಿಕೇರಿಯಿಂದ ಕವಿತೆ, ಸಣ್ಣಕತೆಗಳಿಗಾಗಿಯೇ ಒಂದು ಪುಟ್ಟ ಪ್ರಕಾಶನ: ನಿಮ್ಮ ಸಲಹೆ ಬೇಕು

ಗಾಳಿಬೀಡು

ನಾವು ಮೂವರು ಗೆಳತಿಯರು ಸೇರಿ ಮಡಿಕೇರಿಯಲ್ಲಿ ಒಂದು ಪ್ರಕಾಶನ ಆರಂಭಿಸಲು ಹೊರಟಿದ್ದೇವೆ. ಕವಿತೆ ಮತ್ತು ಸಣ್ಣಕತೆ ಮಾತ್ರ, ವರ್ಷಕ್ಕೆ ನಾಲ್ಕು ಪುಸ್ತಕ. ಬರೆದವರಿಂದ ಒಂದು ರೂಪಾಯಿಯನ್ನೂ ಪಡೆಯಬಾರದು ಎಂದು ತೀರ್ಮಾನಿಸಿದ್ದೇವೆ. ಬೇರೆ ಯಾವುದೂ ಇನ್ನೂ ನಿರ್ಧಾರವಾಗಿಲ್ಲ.

ಈ ಯೋಚನೆ ಬಲವಾದದ್ದು 2025ರ ಮೇ ತಿಂಗಳಲ್ಲಿ. ಬಾನು ಮುಷ್ತಾಕ್ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಸಣ್ಣಕತೆಗಳ ಸಂಕಲನಕ್ಕೆ ಸಂದದ್ದು ಅದೇ ಮೊದಲು. ಅನುವಾದಿಸಿದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಪ್ರಕಟಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿರುವ 'ಆ್ಯಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಸ್ವತಂತ್ರ ಪ್ರಕಾಶನ. ಅದಕ್ಕೂ ಮೊದಲು ದೀಪಾ ಅವರೇ ಅನುವಾದಿಸಿದ ಕೊಡಗಿನ ಗೌರಮ್ಮನವರ ಕತೆಗಳನ್ನು ಹೊರತಂದದ್ದು ದೆಹಲಿಯ ಯೋಡಾ ಪ್ರೆಸ್, ಅದೂ ಸಣ್ಣದೇ. ಇಷ್ಟೆಲ್ಲ ಆಗುವಾಗ ನಮ್ಮ ಜಿಲ್ಲೆಯಲ್ಲಿ ಹೊಸದಾಗಿ ಬರೆಯುತ್ತಿರುವ ಹುಡುಗಿಯೊಬ್ಬಳು ತನ್ನ ಹಸ್ತಪ್ರತಿಯನ್ನು ಯಾರ ಕೈಗೆ ಕೊಡಬೇಕು? ನನಗೆ ಗೊತ್ತಿರುವ ಇಬ್ಬರು ಒಳ್ಳೆಯ ಕತೆಗಾರ್ತಿಯರು ಹಣ ಕೊಟ್ಟು ಪುಸ್ತಕ ಮಾಡಿಸಿಕೊಂಡರು. ಇಡೀ ಮುದ್ರಣವೇ ಅವರ ಮನೆಗೆ ಬಂತು. ಈಗಲೂ ಅಟ್ಟದ ಮೇಲಿದೆ.

ಎಷ್ಟು ಪ್ರತಿ ಹಾಕಿಸಬೇಕು? ಯಾರಿಗೆ ತಲುಪಿಸಬೇಕು? ಚಂದಾ ವ್ಯವಸ್ಥೆ ನಡೆಯುತ್ತದೆಯೇ? ಕನ್ನಡದ ಜೊತೆಗೆ ಕೊಡವ, ಅರೆಭಾಷೆಯ ಬರಹವನ್ನೂ ತೆಗೆದುಕೊಳ್ಳಬೇಕೇ? ಬಲ್ಲವರು ಹೇಳಿ.

ಸೋಮವಾರಪೇಟೆ ಮೇಷ್ಟರು

ತಾಯಿ, ಖಂಡಿತ ಮಾಡಿ. ನಮ್ಮದು ಬರಹಕ್ಕೆ ಬರ ಬಂದ ನಾಡಲ್ಲ. 1906ರಲ್ಲಿಯೇ ಹರದಾಸ ಅಪ್ಪಚ್ಚ ಕವಿಗಳ ಕೊಡವ ನಾಟಕ ಅಚ್ಚಾಗಿತ್ತು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ತಂದರು. ಪಂಜೆ ಮಂಗೇಶರಾಯರು ಇಲ್ಲಿ ಮೇಷ್ಟರಾಗಿದ್ದರು, ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಮೇಲೆ 'ಹುತ್ತರಿ ಹಾಡು' ಬರೆದರು. ಕಾದಂಬರಿಕಾರ ಭಾರತೀಸುತರು ಇಲ್ಲಿಯವರು. ಕನ್ನಡ ಸಾಹಿತ್ಯ ಸಮ್ಮೇಳನ 1932, 1981 ಮತ್ತು 2014ರಲ್ಲಿ ಮಡಿಕೇರಿಗೆ ಬಂತು. ಮೂರೂ ದಿನ ಜನಜಾತ್ರೆ. ಪೆಂಡಾಲು ಬಿಚ್ಚಿದ ಮೇಲೆ ಪುಸ್ತಕ ಮಾಡುವ ಕೆಲಸ ಮತ್ತೆ ಮೈಸೂರು, ಬೆಂಗಳೂರಿನದೇ.

ಗೌರಮ್ಮನವರ ವಿಷಯ ನೀವೇ ಎತ್ತಿದಿರಿ. 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು. ಇಪ್ಪತ್ತೇಳರ ಆಸುಪಾಸು. ಅವರ ಕತೆಗಳು ಸಂಕಲನವಾಗಿ ಬಂದದ್ದು ಅವರು ಹೋದ ಮೇಲೆ. ಬದುಕಿದ್ದಾಗ ತನ್ನ ಪುಸ್ತಕವನ್ನು ಕೈಯಲ್ಲಿ ಹಿಡಿಯಲಾಗದ ಲೇಖಕಿಯ ಊರು ನಮ್ಮದು. ಈ ಕೆಲಸ ಮಾಡಲು ನನಗೆ ಬೇರೆ ಕಾರಣ ಬೇಕಾಗಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಚ್ಚು ಮಾಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಹಸ್ತಪ್ರತಿಯನ್ನು ಸಾಲು ಸಾಲಾಗಿ ಓದಿ, ಈ ಕತೆ ಮೂರನೇ ಪುಟದಲ್ಲೇ ಮುಗಿದಿದೆ, ಮುಂದಿನದನ್ನು ತೆಗೆಯಿರಿ ಎಂದು ಬರೆದವರ ಎದುರು ಕುಳಿತು ಹೇಳುವವರು ಇಲ್ಲ. ನೀವು ಅದನ್ನು ಮಾಡುವುದಾದರೆ ನಿಮ್ಮದು ಪ್ರಕಾಶನ. ಇಲ್ಲದಿದ್ದರೆ ಇನ್ನೊಂದು ಮುದ್ರಣ ವ್ಯವಸ್ಥೆ ಅಷ್ಟೆ.

ಅಚ್ಚುಕೆಲಸ, ಕುಶಾಲನಗರ

ನಾನು ಡಿಟಿಪಿ ಮತ್ತು ಆಫ್‌ಸೆಟ್ ಕೆಲಸದಲ್ಲಿರುವವನು. ಕೊಡಗಿನಲ್ಲಿ ಪುಸ್ತಕ ಮಾಡುವವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನ ಮುದ್ರಕರು ಇದನ್ನು ಹೇಳುವುದಿಲ್ಲ, ಅವರಿಗೆ ಇದರ ಅನುಭವವಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಕಾಗದ ತೇವ ಹೀರುತ್ತದೆ. ರಕ್ಷಾಪುಟಕ್ಕೆ ಹೊರಬದಿಗೆ ಮಾತ್ರ ಲ್ಯಾಮಿನೇಷನ್ ಮಾಡುವುದರಿಂದ ಒಳಬದಿ ತೇವದಿಂದ ಹಿಗ್ಗುತ್ತದೆ, ಹೊರಬದಿ ಹಿಗ್ಗುವುದಿಲ್ಲ. ಆಗ ರಕ್ಷಾಪುಟ ಸುರುಳಿಯಾಗುತ್ತದೆ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಆದರೆ ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾಂತರವಾಗಿ ಇರುವಂತೆ ಕತ್ತರಿಸಿದರೆ ಬಹಳಷ್ಟು ಉಳಿಯುತ್ತದೆ. ನಾರು ಅಡ್ಡಡ್ಡ ಬಂದರೆ ಒಳಪುಟಗಳೂ ಅಲೆಅಲೆಯಾಗುತ್ತವೆ, ಪುಸ್ತಕ ಬಿಚ್ಚಿದರೆ ಮಲಗುವುದಿಲ್ಲ. ಮುದ್ರಕರಿಗೆ ಇದನ್ನು ಬರವಣಿಗೆಯಲ್ಲಿ ಕೊಡಿ.

ಬೈಂಡಿಂಗ್: ಬರೀ ಅಂಟಿನದು ಅಗ್ಗ. ಕವಿತೆಯ ಪುಸ್ತಕವನ್ನು ಜನ ಒಂದೇ ಪುಟದಲ್ಲಿ ಮತ್ತೆ ಮತ್ತೆ ಬಿಚ್ಚುತ್ತಾರೆ, ಹಾಳೆ ಕಿತ್ತು ಬರುತ್ತದೆ. ಫಾರಂಗಳನ್ನು (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಿಸಿದ 16 ಪುಟಗಳ ಕಟ್ಟು) ದಾರದಲ್ಲಿ ಹೊಲಿಸಿ ಆಮೇಲೆ ಅಂಟು ಹಾಕಿಸಿ. ಪ್ರತಿಯೊಂದಕ್ಕೆ ಸ್ವಲ್ಪ ಹೆಚ್ಚು ಬೀಳುತ್ತದೆ, ಆದರೂ ಮಾಡಿಸಿ.

ಪುಟಗಳ ಸಂಖ್ಯೆಯನ್ನು 16ರ ಲೆಕ್ಕದಲ್ಲಿ ಕೂರಿಸಿ. ಡೆಮಿ 1/8 ಅಳತೆಯಲ್ಲಿ 112 ಪುಟವೆಂದರೆ ಸರಿಯಾಗಿ ಏಳು ಫಾರಂ. 115 ಆಯಿತೆಂದು ಬಿಟ್ಟರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂನ ಗೊಡವೆ. ಒಳಗೆ 70 ಜಿಎಸ್‌ಎಂ ತೂಕದ ಮ್ಯಾಪ್ಲಿಥೊ ಕಾಗದ ಸಾಕು. ಅಚ್ಚ ಬಿಳಿ ಬೇಡ, ಕೆನೆ ಬಣ್ಣದ್ದು ಕಣ್ಣಿಗೆ ಹಿತ.

ಇನ್ನು ಅಕ್ಷರ. ಇಲ್ಲಿ ಬರುವ ಹಸ್ತಪ್ರತಿಗಳಲ್ಲಿ ಇನ್ನೂ ಎಷ್ಟೋ ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಕಡತಗಳೇ. ಈಗಿನ ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರಗಳು ಒಡೆಯುತ್ತವೆ. ಗದ್ಯದಲ್ಲಿ ಓದುಗರು ಊಹಿಸಿಕೊಂಡಾರು, ಕವಿತೆಯಲ್ಲಿ ಒಂದು ಒತ್ತು ಹೋದರೆ ಲಯವೇ ಹೋಯಿತು. ಮೊದಲಿನಿಂದಲೂ ಯೂನಿಕೋಡ್‌ನಲ್ಲೇ ಕೆಲಸ ಮಾಡಿ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ತಂತ್ರಾಂಶ ಬಳಸುವವರು ಅದರಲ್ಲಿನ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಕನ್ನಡ ಸರಿಯಾಗಿ ಕೂರುವುದಿಲ್ಲ. ಅಕ್ಷರಶೈಲಿಗಳಲ್ಲಿ ಮುಕ್ತ ಪರವಾನಗಿಯ ತಿರೋ ಕನ್ನಡ, ನೋಟೊ ಸೆರಿಫ್ ಕನ್ನಡ ಎರಡೂ ಪುಸ್ತಕಕ್ಕೆ ಒಪ್ಪುತ್ತವೆ. ನನಗೆ ತಿರೋ ಇಷ್ಟ.

ಕವಿತೆಯ ಪುಸ್ತಕದ ಅಗಲವನ್ನು ಸಂಕಲನದ ಅತಿ ಉದ್ದದ ಸಾಲು ನೋಡಿ ನಿರ್ಧರಿಸಿ. ಕವಿ ಮುರಿಯದ ಕಡೆ ಪುಟದ ಅಂಚು ಸಾಲನ್ನು ಮುರಿಯಬಾರದು.

ವಿರಾಜಪೇಟೆ ಪುಸ್ತಕದಂಗಡಿ

ಮಾರುವವನ ಮಾತನ್ನೂ ಕೇಳಿ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ, ರಾಜ್ಯದಲ್ಲೇ ಅತಿ ಕಡಿಮೆ. ಅದರಲ್ಲಿ ಕವಿತೆಗೆ ಹಣ ಕೊಡುವವರನ್ನು ನಾನು ಮುಖ ನೋಡಿ ಗುರುತಿಸಬಲ್ಲೆ. ಹಾಗಾಗಿ ಸಾವಿರ ಪ್ರತಿಯ ಮಾತು ಬೇಡ. ಮುನ್ನೂರರಿಂದ ಆರಂಭಿಸಿ. ಬೇಡಿಕೆ ಬಂದರೆ ಮರುಮುದ್ರಣ ಎಷ್ಟು ಹೊತ್ತಿನ ಕೆಲಸ?

150 ರೂಪಾಯಿ ಬೆಲೆ ಇಟ್ಟಿರಿ ಎನ್ನಿ. ವಿತರಕರು ಶೇ 40ರಷ್ಟು ರಿಯಾಯಿತಿ ಕೇಳಿದರೆ ನಿಮಗೆ ಉಳಿಯುವುದು 90. ಅದರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಲೇಖಕರ ಗೌರವಧನ, ಸಾಗಣೆ ಎಲ್ಲ ಕಳೆಯಬೇಕು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೆ ಇದೆ ಎಂಬುದನ್ನೂ ಮರೆಯಬೇಡಿ. ಮಾರಾಟವಾದ ಮೇಲೆ ಹಣ ಎಂಬ ಕರಾರಿನಲ್ಲಿ ಹತ್ತು ಊರುಗಳ ಅಂಗಡಿಗೆ ಪುಸ್ತಕ ಹಂಚಿದರೆ ವರ್ಷದ ಕೊನೆಗೆ ಹಣ ಎಲ್ಲಿದೆ, ಪುಸ್ತಕ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅಂಗಡಿಯವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಬಿಡುಗಡೆಯನ್ನು ಹುತ್ತರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರು, ಮೈಸೂರಿನಲ್ಲಿರುವ ನಮ್ಮವರು ಆಗ ಊರಿಗೆ ಬಂದಿರುತ್ತಾರೆ, ಮಳೆಯೂ ಬಿಟ್ಟಿರುತ್ತದೆ.

ಗೋಣಿಕೊಪ್ಪದಿಂದ

ಎಲ್ಲರೂ ಮುಖ್ಯ ವಿಷಯವನ್ನೇ ಬಿಟ್ಟಿದ್ದೀರಿ. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿ ಇಲ್ಲದೆ ಕನ್ನಡದಲ್ಲಿ ಯಾವ ಸಣ್ಣ ಪ್ರಕಾಶಕ ಉಳಿದಿದ್ದಾನೆ? ಆಯ್ಕೆಯಾದರೆ 300 ಪ್ರತಿ ಒಟ್ಟಿಗೆ ಹೋಗುತ್ತದೆ. ಮುದ್ರಣದ ಖರ್ಚು ಅಲ್ಲಿಗೆ ಬಂತು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವೂ ಇದೆ. ಕೊಡವ ಮತ್ತು ಅರೆಭಾಷೆಗೆ ಮಡಿಕೇರಿಯಲ್ಲೇ ಅಕಾಡೆಮಿಗಳಿವೆ. ಸರ್ಕಾರದ ಹಣ ನಮ್ಮದೇ ತೆರಿಗೆಯ ಹಣ. ಅದನ್ನು ಬಿಟ್ಟು ಗೆಳೆಯರ ಜೇಬಿನಿಂದ ಚಂದಾ ಎತ್ತುವುದರಲ್ಲಿ ಯಾವ ಹಿರಿಮೆಯೂ ಇಲ್ಲ. ಸಿದ್ದಾಪುರದ ಕಾಫಿ ತೋಟದ ಕೂಲಿಕಾರರ ಲೈನ್‌ಮನೆಯಲ್ಲಿ ಬೆಳೆಯುವ ಮಗು 150 ರೂಪಾಯಿ ಕೊಟ್ಟು ಪುಸ್ತಕ ಕೊಳ್ಳುವುದಿಲ್ಲ. ಅದಕ್ಕೆ ಪುಸ್ತಕ ಸಿಗುವುದಿದ್ದರೆ ಗ್ರಂಥಾಲಯದಲ್ಲೇ.

ಸೋಮವಾರಪೇಟೆ ಮೇಷ್ಟರು

ಗೋಣಿಕೊಪ್ಪದವರೇ, ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಗ್ರಂಥಾಲಯಕ್ಕೆ ಪುಸ್ತಕ ಹೋಗಲೇಬೇಕು, ಅರ್ಜಿ ಹಾಕಲೇಬೇಕು. ಆದರೆ ಸಗಟು ಖರೀದಿಯನ್ನು ನಂಬಿ ಪ್ರಕಾಶನ ಕಟ್ಟುವುದು ಬೇರೆ. ಅಲ್ಲಿನ ಬೆಲೆ ಪುಟದ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಎಂಬತ್ತು ಪುಟದ ಕವನ ಸಂಕಲನಕ್ಕೆ ಸಿಗುವುದು ಅತಿ ಕಡಿಮೆ, ದಪ್ಪ ಪುಸ್ತಕಕ್ಕೆ ಹೆಚ್ಚು. ಆ ಲೆಕ್ಕ ತಲೆಯಲ್ಲಿ ಕುಳಿತರೆ ಸಂಪಾದಕನ ಕೈ ತಾನಾಗಿ ಬದಲಾಗುತ್ತದೆ. ತೆಗೆಯಬೇಕಾದ ಕತೆ ಉಳಿಯುತ್ತದೆ, ಮುನ್ನುಡಿಯ ಜೊತೆಗೆ ಬೆನ್ನುಡಿ, ಅದರ ಜೊತೆಗೆ ಅಭಿಪ್ರಾಯಗಳು, ಹೀಗೆ ಪುಟ ಬೆಳೆಯುತ್ತದೆ. ಓದುಗನ ಮುಖವನ್ನು ಕಾಣದೆಯೇ ಪುಸ್ತಕ ಖರ್ಚಾಗಿರುತ್ತದೆ. ನಾನು ಹೆದರುವುದು ಇದಕ್ಕೆ. ಹಣ ತಡವಾಗಿ ಬರುವುದಕ್ಕಲ್ಲ.

ಗೋಣಿಕೊಪ್ಪದಿಂದ

ಮೇಷ್ಟರೇ, ಪುಟದ ಲೆಕ್ಕದ ಮಾತು ಸರಿ. ಅದನ್ನು ಕಾವ್ಯಕ್ಕೆ ಬೇರೆ ದರ ಬೇಕೆಂದು ಕೇಳುವುದರ ಮೂಲಕ ಸರಿಪಡಿಸಬೇಕು, ಬಿಟ್ಟು ಬರುವುದರಿಂದಲ್ಲ. ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಧಾರವಾಡದ ಓದುಗ

ಮೂಲತಃ ನಾನು ಶನಿವಾರಸಂತೆಯವನು, ಕೆಲಸಕ್ಕೆಂದು ಇಲ್ಲಿ ಬಂದು ನೆಲೆಸಿದ್ದೇನೆ. ಚಂದಾ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಾನಿರುವ ಊರಿನಲ್ಲಿ ಅದು 1933ರಿಂದ ನಡೆದಿದೆ. ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಚಂದಾದಾರರನ್ನು ನಂಬಿಯೇ ಕಟ್ಟಿದರು. ಸುಭಾಷ್ ರಸ್ತೆಯ ಅಟ್ಟದಲ್ಲಿ ಕುಳಿತು ವಿಮರ್ಶಕ ಕುರ್ತಕೋಟಿಯಂಥವರು ಹಸ್ತಪ್ರತಿ ಓದಿದರು. ಕಾರ್ನಾಡರ ನಾಟಕಗಳು ಅಲ್ಲಿಂದ ಹೊರಬಂದವು. ಹೆಗ್ಗೋಡು ಎಷ್ಟು ದೊಡ್ಡ ಊರು? ಅಲ್ಲಿಂದ ಅಕ್ಷರ ಪ್ರಕಾಶನ ಇಡೀ ನಾಡಿಗೆ ಪುಸ್ತಕ ಕೊಟ್ಟಿತು. ಪುತ್ತೂರಿನಲ್ಲಿ ಕುಳಿತು ಕಾರಂತರು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು. ಆದ್ದರಿಂದ ಊರು ಸಣ್ಣದು ಎಂಬ ಅಳುಕು ಬೇಡ.

ಕುತೂಹಲದ ಸಂಗತಿಯೆಂದರೆ, ನೀವು ಹೇಳಿದ ಶೆಫೀಲ್ಡ್‌ನ ಪ್ರಕಾಶನವೂ ಚಂದಾದಾರರನ್ನು ನೆಚ್ಚಿಕೊಂಡದ್ದೇ. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಚಂದಾ ಕೊಟ್ಟವರ ಹೆಸರುಗಳನ್ನು ಅವರು ಪುಸ್ತಕದ ಕೊನೆಯಲ್ಲಿ ಅಚ್ಚು ಮಾಡುತ್ತಾರೆ. ಒಂದು ಹೆಸರಿನ ಸಾಲಿಗೆ ಖರ್ಚೇನೂ ಇಲ್ಲ, ಆದರೆ ಕಕ್ಕಬೆಯ ಓದುಗಾರ್ತಿಯೊಬ್ಬಳಿಗೆ ಹೊಸ ಕತೆಗಾರನ ಮೊದಲ ಪುಸ್ತಕದಲ್ಲಿ ತನ್ನ ಹೆಸರು ಕಂಡರೆ ಆ ಪುಸ್ತಕದ ಮೇಲೆ ಹಕ್ಕು ಬಂದಂತಾಗುತ್ತದೆ. ಅವಳು ಅದನ್ನು ನಾಲ್ಕು ಜನರಿಗೆ ತೋರಿಸುತ್ತಾಳೆ. ನಿಮಗೆ ಬೇಕಾದದ್ದು ಅದೇ.

ಹಸ್ತಪ್ರತಿ ಆರಿಸುವ ವಿಧಾನಕ್ಕೆ ವಸುಧೇಂದ್ರರ ಛಂದ ಪುಸ್ತಕವನ್ನು ನೋಡಿ. ಸಂಕಲನ ತಂದಿರದ ಕತೆಗಾರರಿಂದ ಹಸ್ತಪ್ರತಿ ಕರೆದು, ಹಿರಿಯರೊಬ್ಬರಿಂದ ಓದಿಸಿ, ಆರಿಸಿದ್ದನ್ನು ಪುಸ್ತಕ ಮಾಡುತ್ತಾರೆ. ಇಂದು ಹೆಸರಾದ ಎಷ್ಟೋ ಕತೆಗಾರರು ಆ ದಾರಿಯಲ್ಲೇ ಬಂದವರು. ಲೇಖಕರ ಹೆಸರು ಮುಚ್ಚಿ ಓದಿಸುವುದು ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಇನ್ನೂ ಮುಖ್ಯ. ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬಂಧುಗಳು, ಇಲ್ಲವೇ ಸಹಪಾಠಿಗಳು.

ನಾಪೋಕ್ಲು

ಅಕ್ಕ, ನಾನು ಕೊಡವ ಭಾಷೆಯಲ್ಲಿ ಕವಿತೆ ಬರೆಯುತ್ತೇನೆ. ಕೊಡವ ಮಕ್ಕಡ ಕೂಟದಂಥವರು ನಮ್ಮ ಭಾಷೆಯ ಪುಸ್ತಕಗಳನ್ನು ತರುತ್ತಿದ್ದಾರೆ, ಅದು ದೊಡ್ಡ ಕೆಲಸ. ಆದರೆ ನನ್ನ ಕವಿತೆಯನ್ನು ಪಕ್ಕದ ಮನೆಯ ಅರೆಭಾಷೆಯ ಗೆಳೆಯ ಓದಲಾರ, ಅವನ ಕತೆಯನ್ನು ಬ್ಯಾರಿ ಮಾತಾಡುವ ನಮ್ಮಿಬ್ಬರ ಗೆಳತಿ ಓದಲಾರಳು. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಕನ್ನಡ ಇಟ್ಟು ಒಂದು ಸಂಕಲನ ಮಾಡಿ. ಇಲ್ಲಿನ ಬುಡಕಟ್ಟುಗಳಾದ ಯರವರ ಹಾಡು, ಕುರುಬರ ಹಾಡುಗಳನ್ನೂ ಹಾಡುವವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ, ಅವರಿಗೆ ಗೌರವಧನ ಕೊಟ್ಟು ಸೇರಿಸಬೇಕು. ಸಂಗ್ರಾಹಕರ ಹೆಸರು ದಪ್ಪಕ್ಷರದಲ್ಲಿ, ಹಾಡಿದವಳ ಹೆಸರು ಎಲ್ಲೂ ಇಲ್ಲ ಎಂಬಂಥ ಪುಸ್ತಕ ನಮಗೆ ಬೇಡ.

ಇನ್ನೊಂದು ತೊಡಕು. ಕೊಡವದ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆ ಇಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಪುಸ್ತಕದ ಆರಂಭದಲ್ಲಿ ಅರ್ಧ ಪುಟದ ಸೂಚನೆ ಕೊಟ್ಟು, ಉದ್ದಕ್ಕೂ ಒಂದೇ ಕ್ರಮ ಪಾಲಿಸಿ. ಕರಡು ತಿದ್ದುವವರು ಆ ಭಾಷೆ ಮಾತಾಡುವವರೇ ಆಗಿರಬೇಕು.

ಪೊನ್ನಂಪೇಟೆ ವಕೀಲೆ

ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ನಮ್ಮವರೇ ಅಲ್ಲವೇ ಎಂದು ಬಾಯಿಮಾತಿನಲ್ಲಿ ಮುಗಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಅನುವಾದ, ಸಿನಿಮಾ, ಆಡಿಯೊ ಹಕ್ಕುಗಳನ್ನು ಲೇಖಕರ ಬಳಿಯೇ ಬಿಡಿ. ಸಣ್ಣ ಪ್ರಕಾಶನಕ್ಕೆ ಅವುಗಳಿಂದ ಏನೂ ಮಾಡಲಾಗದು, ಕತೆಗಾರನಿಗೆ ಮುಂದೊಂದು ದಿನ ಅದೇ ಅನ್ನವಾಗಬಹುದು. ಗೌರವಧನ ಶೇ 10 ಎಂದರೆ ಯಾವ ಬೆಲೆಯ ಮೇಲೆ, ಮುಖಬೆಲೆಯೋ ಕೈಗೆ ಬಂದ ಹಣವೋ ಎಂಬುದನ್ನೂ ಬರೆಯಿರಿ.

ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಗೌರಮ್ಮನವರ ಕತೆಗಳು, ಪಂಜೆಯವರ, ಅಪ್ಪಚ್ಚ ಕವಿಗಳ ಬರಹಗಳು ಈಗ ಮುಕ್ತ. ನಾಲ್ಕರಲ್ಲಿ ಒಂದು ಪುಸ್ತಕ ಇಂಥದ್ದಿರಲಿ. ಶಾಲೆಗಳೂ ಕೊಳ್ಳುತ್ತವೆ.

ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್‌ಗೆ ಭಾರತದಲ್ಲಿ ಶುಲ್ಕವಿಲ್ಲ. ಅದನ್ನು ಕೊಡಿಸುತ್ತೇವೆಂದು ಹಣ ಕೇಳುವವರಿಂದ ದೂರವಿರಿ, ರಾಜಾ ರಾಮಮೋಹನ ರಾಯ್ ಏಜೆನ್ಸಿಯ ತಾಣದಲ್ಲಿ ನೇರವಾಗಿ ಅರ್ಜಿ ಹಾಕಿ. ಪುಸ್ತಕ ಬಂದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸುವುದು 1954ರ ಕಾಯ್ದೆಯಂತೆ ಕಡ್ಡಾಯ. ಎಷ್ಟೋ ಸಣ್ಣ ಪ್ರಕಾಶಕರು ಇದನ್ನು ಬಿಡುತ್ತಾರೆ. ನೂರು ವರ್ಷದ ನಂತರ ಯಾರಾದರೂ ಹುಡುಕಿದರೆ ಸಿಗುವುದು ಆ ಪ್ರತಿಗಳೇ.

ಸುಂಟಿಕೊಪ್ಪ

ಅಂಚೆಯ ಬಗ್ಗೆ ಯಾರೂ ಹೇಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳ ರಿಯಾಯಿತಿ ಅಂಚೆ ನಿಂತಾಗ ಸಣ್ಣ ಪ್ರಕಾಶಕರು ಕಂಗಾಲಾಗಿದ್ದರು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ರಸ್ತೆ ಮಾರ್ಗದಲ್ಲಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿಗೆ ತಲುಪಿತೆಂದು ನೋಡಬಹುದು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಮೊದಲೇ ಅಂಚೆ ಕಚೇರಿಗೆ ಒಂದು ಪ್ರತಿ ಒಯ್ದು ತೋರಿಸಿ ಕೇಳಿಕೊಳ್ಳಿ.

ಕುಶಾಲನಗರದವರು ಹೇಳಿದ 112 ಪುಟದ ಪುಸ್ತಕವನ್ನು ನಾನು ಲೆಕ್ಕ ಹಾಕಿದೆ. ಸುಮಾರು 140 ಗ್ರಾಂ ಬರುತ್ತದೆ. ಲಕೋಟೆ ಹಗುರವಾಗಿದ್ದರೆ ಎರಡು ಪುಸ್ತಕ 300 ಗ್ರಾಂನೊಳಗೆ ಕೂರುತ್ತವೆ. ವರ್ಷದ ನಾಲ್ಕು ಪುಸ್ತಕಗಳನ್ನು ಎರಡೆರಡಾಗಿ ಎರಡು ಬಾರಿ ಕಳಿಸಿದರೆ ಒಬ್ಬ ಚಂದಾದಾರನಿಗೆ ಅಂಚೆಯ ಖರ್ಚು 40 ರೂಪಾಯಿ ಮತ್ತು ತೆರಿಗೆ. ವಿತರಕರಿಗೆ ಒಂದೊಂದು ಪುಸ್ತಕಕ್ಕೂ 60 ರೂಪಾಯಿ ಬಿಟ್ಟುಕೊಡುವುದಕ್ಕೆ ಹೋಲಿಸಿ ನೋಡಿ.

ಮಳೆಗಾಲದಲ್ಲಿ ಮಾತ್ರ ಕಳಿಸಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದನ್ನು ನಾವು ನೋಡಿದ್ದೇವೆ. ಆ ಮಳೆಯ ಬಗ್ಗೆ ಒಳ್ಳೆಯ ಕತೆಗಳ ಸಂಕಲನವೊಂದು ಬರಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಪತ್ರಿಕೆಗಳು ನಷ್ಟದ ಅಂಕಿ ಕೊಟ್ಟವು. ಪರಿಹಾರ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕಳೆದ ಮುದುಕಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕತೆಯೇ ಹೇಳಬೇಕು.

ಭಾಗಮಂಡಲ

ಚಂದಾ ಕೊಡಲಾಗದವರ ಮಾತು ಬಂತು. ಹೀಗೆ ಮಾಡಬಹುದೇ? ಹತ್ತು ಜನ ಚಂದಾದಾರರಾದರೆ ಒಂದು ಸೆಟ್ ಒಂದು ಸರ್ಕಾರಿ ಶಾಲೆಗೋ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೋ ಹೋಗಲಿ. ಗೋಣಿಕೊಪ್ಪದ ಅಣ್ಣ ಹೇಳಿದ ಮಗುವಿಗೆ ನಾವು ಸಗಟು ಖರೀದಿಗೆ ಕಾಯದೆಯೇ ಪುಸ್ತಕ ತಲುಪಿಸಬಹುದು. ನಮ್ಮ ಶಾಲೆಯಲ್ಲಿ ಮಕ್ಕಳು ಕತೆ ಓದಿ ಲೇಖಕರಿಗೆ ಪತ್ರ ಬರೆಯುವಂತೆ ಮಾಡುವ ಹೊಣೆ ನನ್ನದು.

ಗಾಳಿಬೀಡು

ಎಲ್ಲರಿಗೂ ವಂದನೆ. ಮೂವರೂ ಕುಳಿತು ಎಲ್ಲವನ್ನೂ ಓದಿದೆವು. ಈಗ ಇಷ್ಟು ತೀರ್ಮಾನಿಸಿದ್ದೇವೆ.

ಮೊದಲ ವರ್ಷ ನಾಲ್ಕಲ್ಲ, ಎರಡು ಪುಸ್ತಕ. ಮೇಷ್ಟರು ಹೇಳಿದಂತೆ ತಿದ್ದುವುದಕ್ಕೆ ಸಮಯ ಬೇಕು, ನಾಲ್ಕನ್ನು ಆ ರೀತಿ ತಿದ್ದುವಷ್ಟು ಜನ ನಾವಿಲ್ಲ. ಒಂದು ಹೊಸಬರ ಕತೆಗಳದ್ದು, ಇನ್ನೊಂದು ನಾಪೋಕ್ಲಿನ ತಮ್ಮ ಹೇಳಿದ ಎದುರುಬದುರು ಪುಟಗಳ ಕವಿತೆಗಳದ್ದು. ಮುನ್ನೂರು ಪ್ರತಿ, ಹೊಲಿಗೆಯ ಬೈಂಡಿಂಗ್. ಚಂದಾದಾರರ ಹೆಸರುಗಳು ಕೊನೆಯ ಪುಟದಲ್ಲಿ. ಹತ್ತಕ್ಕೊಂದು ಸೆಟ್ ಶಾಲೆಗೆ. ಗ್ರಂಥಾಲಯಕ್ಕೆ ಅರ್ಜಿ ಹಾಕುತ್ತೇವೆ, ಬಂದ ಹಣ ಮುಂದಿನ ವರ್ಷದ ಪುಸ್ತಕಕ್ಕೆ. ಈ ವರ್ಷದ ಲೆಕ್ಕದಲ್ಲಿ ಅದನ್ನು ಹಿಡಿಯುವುದಿಲ್ಲ.

ಲೇಖಕರ ಹೆಸರು ಮುಚ್ಚಿ ಓದುವವರು ಕೊಡಗಿನ ಹೊರಗಿನವರಾದರೆ ಒಳ್ಳೆಯದು. ಧಾರವಾಡದವರೇ, ನೀವು ಒಪ್ಪುತ್ತೀರಾ?

ಧಾರವಾಡದ ಓದುಗ

ಕತೆಗಳನ್ನು ಓದುತ್ತೇನೆ. ಕವಿತೆಗೆ ನನಗಿಂತ ಬಲ್ಲವರೊಬ್ಬರನ್ನು ಕೇಳಿ ಹೇಳುತ್ತೇನೆ. ತಿರಸ್ಕರಿಸಿದ ಹಸ್ತಪ್ರತಿಗೂ ಒಂದು ಪುಟ ಕಾರಣ ಬರೆದು ಕಳಿಸಬೇಕು, ಅದಕ್ಕೆ ಒಪ್ಪುವುದಾದರೆ ಮಾತ್ರ.

ಗಾಳಿಬೀಡು

ಒಪ್ಪಿದೆ.

ಅಚ್ಚುಕೆಲಸ, ಕುಶಾಲನಗರ

ಹುತ್ತರಿಗೆ ಪುಸ್ತಕ ಬೇಕೆಂದರೆ ತಿದ್ದಿದ ಅಂತಿಮ ಪ್ರತಿ ಜುಲೈ ಕೊನೆಗೆ ನನ್ನ ಕೈಯಲ್ಲಿರಬೇಕು. ಆಗಸ್ಟ್ ಪೂರ್ತಿ ಪುಟವಿನ್ಯಾಸ ಮತ್ತು ಕರಡು, ಅಚ್ಚು ಅಕ್ಟೋಬರ್‌ನಲ್ಲಿ ಒಣಹವೆ ಬಂದ ಮೇಲೆ. ಎರಡೂ ಪುಸ್ತಕದ ಪುಟವಿನ್ಯಾಸಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ. ಕೊಡವದ ಕರಡು ನೋಡಲು ನಾಪೋಕ್ಲಿನವರು ಎರಡು ಭಾನುವಾರ ಇಲ್ಲಿಗೆ ಬರಬೇಕು, ಪಕ್ಕದಲ್ಲಿ ಕುಳಿತೇ ತಿದ್ದೋಣ.

ನಾಪೋಕ್ಲು

ಬರುತ್ತೇನೆ ಅಣ್ಣ. ಅರೆಭಾಷೆಯ ಗೆಳೆಯನನ್ನೂ ಕರೆತರುತ್ತೇನೆ.

ವಿರಾಜಪೇಟೆ ಪುಸ್ತಕದಂಗಡಿ

ಚಂದಾ ಎಷ್ಟೆಂದು ಬೇಗ ತಿಳಿಸಿ. ನನ್ನ ಅಂಗಡಿಯಲ್ಲಿ ರಸೀದಿ ಪುಸ್ತಕ ಇಡಬಹುದು, ಅದಕ್ಕೆ ರಿಯಾಯಿತಿ ಕೇಳುವುದಿಲ್ಲ. ಮೊದಲ ರಸೀದಿ ನನ್ನ ಹೆಸರಿಗೆ, ಎರಡನೆಯದು ಸಿದ್ದಾಪುರದ ಶಾಲೆಗೆ.